ಮೆಂಡೋಸಾದ ಗವರ್ನರ್, ಲಿಮಾದ ರಕ್ಷಕ

(ಓದುಗರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಬಂದಿದ್ದವರು ಬರೆದು ಕೊಡಿ ಎಂದು ಕೇಳಿದ್ದರು. ಮಾತಾಡುವಾಗ ಅಲ್ಲಿಂದಿಲ್ಲಿಗೆ ಹಾರಿದ್ದನ್ನು ಸ್ವಲ್ಪ ಜೋಡಿಸಿದ್ದೇನೆ, ಪೂರ್ತಿ ಅಲ್ಲ.)

ಎಲ್ಲರಿಗೂ ನಮಸ್ಕಾರ.

ದಕ್ಷಿಣ ಅಮೆರಿಕದ ಸ್ವಾತಂತ್ರ್ಯ ಹೋರಾಟ ಅಂದ ಕೂಡಲೇ ಬೊಲಿವಾರ್ ಹೆಸರು ಬರುತ್ತದೆ. ಬರಬೇಕಾದ್ದೇ. ಆದರೆ ಇವತ್ತು ನಾನು ಮಾತಾಡೋದು ಅದೇ ಕಾಲದ ಇನ್ನೊಬ್ಬನ ಬಗ್ಗೆ, ಹೋಸೆ ದೆ ಸಾನ್ ಮಾರ್ಟಿನ್. ನಮಗೆ ಅರ್ಜೆಂಟೀನಾ ಅಂದರೆ ಮರಡೋನಾ, ಮೆಸ್ಸಿ. ಅಲ್ಲಿ ಊರೂರಲ್ಲಿ ಸಿಗೋದು ಇವನ ಹೆಸರಿನ ಚೌಕ, ಕುದುರೆ ಮೇಲೆ ಕೂತ ಇವನ ಪ್ರತಿಮೆ.

ಅವನ ಜೀವನಚರಿತ್ರೆ ಪೂರ್ತಿ ಹೇಳಲ್ಲ. ನನ್ನ ತಲೆ ತಿನ್ನುತ್ತಿರುವುದು ಒಂದೇ ಪ್ರಶ್ನೆ. ಈ ಮನುಷ್ಯನ ಕೈಗೆ ಎರಡು ಸಲ ಸೈನ್ಯ ಮತ್ತು ಸರ್ಕಾರ ಎರಡೂ ಒಟ್ಟಿಗೆ ಸಿಕ್ಕಿದವು. ಮೊದಲ ಸಲ ಇವತ್ತಿನ ಅರ್ಜೆಂಟೀನಾದ ಮೆಂಡೋಸಾದಲ್ಲಿ, 1814ರಿಂದ 1817ರ ಆರಂಭದವರೆಗೆ. ಆಗ ಅವನು ಮಾಡಿದ ಕೆಲಸ ನೋಡಿದರೆ ಇವತ್ತಿಗೂ ಬೆರಗಾಗುತ್ತದೆ. ಎರಡನೇ ಸಲ ಪೆರುವಿನ ಲಿಮಾದಲ್ಲಿ, 1821ರಲ್ಲಿ. ಅಲ್ಲಿ ಸುಮಾರು ಒಂದು ವರ್ಷಕ್ಕೇ ಸಾಕಾಗಿ ಬಿಟ್ಟು ಹೊರಟುಹೋದ. ಮನುಷ್ಯ ಅವನೇ, ಬುದ್ಧಿ ಅದೇ. ಮತ್ತೆ ಯಾಕೆ ಹೀಗಾಯ್ತು?

ಹಿನ್ನೆಲೆ ಬೇಗ ಮುಗಿಸುತ್ತೇನೆ. 1808ರಲ್ಲಿ ನೆಪೋಲಿಯನ್ ಸ್ಪೇನಿನ ರಾಜನನ್ನು ಸೆರೆಹಿಡಿದು ತನ್ನ ಅಣ್ಣನನ್ನು ಸಿಂಹಾಸನದ ಮೇಲೆ ಕೂರಿಸಿದ. ರಾಜನೇ ಇಲ್ಲ ಅಂದ ಮೇಲೆ ವಸಾಹತುಗಳಲ್ಲಿ ಯಾರ ಮಾತು ಕೇಳಬೇಕು? 1810ರಲ್ಲಿ ಕರಾಕಾಸ್, ಬ್ಯೂನಸ್ ಐರಿಸ್, ಸ್ಯಾಂಟಿಯಾಗೊ, ಒಂದರ ಹಿಂದೆ ಒಂದು ಊರುಗಳು ತಮ್ಮದೇ ಆಡಳಿತ ಮಂಡಳಿ ಮಾಡಿಕೊಂಡವು. ಬ್ಯೂನಸ್ ಐರಿಸ್‌ನವರಿಗೆ ಅದಾಗಲೇ ಧೈರ್ಯ ಬಂದಿತ್ತು. 1806ರಲ್ಲಿ ಬ್ರಿಟಿಷರು ಆ ಊರಿಗೆ ನುಗ್ಗಿದಾಗ ಸ್ಪೇನಿನ ವೈಸ್‌ರಾಯ್ ಖಜಾನೆ ಸಮೇತ ಓಡಿದ್ದ, ಊರಿನ ಜನರೇ ಸೇರಿ ಬ್ರಿಟಿಷರನ್ನು ಹೊರಗಟ್ಟಿದ್ದರು. ಮರುವರ್ಷ ಇನ್ನೂ ದೊಡ್ಡ ಪಡೆ ಬಂದಾಗಲೂ ಹಾಗೇ ಮಾಡಿದರು.

ಇಲ್ಲೊಂದು ಅಡ್ಡಮಾತು. 1808ರಲ್ಲಿ ಬ್ರಿಟಿಷರು ಸ್ಪೇನಿನ ಅಮೆರಿಕದ ಮೇಲೆ ಮತ್ತೊಂದು ದಂಡಯಾತ್ರೆಗೆ ಐರ್ಲೆಂಡಿನಲ್ಲಿ ಸೈನ್ಯ ಸೇರಿಸಿದ್ದರು. ಅದರ ಮುಖಂಡ ಯಾರು ಗೊತ್ತಾ? ಆರ್ಥರ್ ವೆಲ್ಲೆಸ್ಲಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಂಡಿದ್ದನಲ್ಲ, ಅದೇ ವೆಲ್ಲೆಸ್ಲಿ. ಅಷ್ಟರಲ್ಲಿ ಸ್ಪೇನಿನ ಜನ ಫ್ರೆಂಚರ ವಿರುದ್ಧ ಎದ್ದರು, ನಿನ್ನೆಯ ಶತ್ರು ಬ್ರಿಟನ್ನಿನ ಮಿತ್ರನಾದ, ಆ ಸೈನ್ಯ ಪೋರ್ಚುಗಲ್ ಕಡೆ ತಿರುಗಿತು. ತಿರುಗದಿದ್ದರೆ ಇವತ್ತಿನ ಕಥೆಯೇ ಬೇರೆ ಇರುತ್ತಿತ್ತೋ ಏನೋ.

ಅದೇ 1808ರಲ್ಲಿ ಸಾನ್ ಮಾರ್ಟಿನ್ ಎಲ್ಲಿದ್ದ? ಸ್ಪೇನಿನ ಸೈನ್ಯದಲ್ಲೇ. ಇದನ್ನು ಕೇಳಿದರೆ ಜನಕ್ಕೆ ಆಶ್ಚರ್ಯ ಆಗುತ್ತೆ. ಹುಟ್ಟಿದ್ದು 1778ರಲ್ಲಿ, ಇವತ್ತಿನ ಅರ್ಜೆಂಟೀನಾದ ಯಪೆಯು ಅನ್ನೋ ಮೂಲೆಯ ಊರಲ್ಲಿ. ಚಿಕ್ಕವನಿದ್ದಾಗಲೇ ಮನೆಯವರ ಜೊತೆ ಸ್ಪೇನಿಗೆ ಹೋದ, 11ನೇ ವಯಸ್ಸಿಗೆ ಸೈನ್ಯ ಸೇರಿದ, 20 ವರ್ಷಕ್ಕೂ ಜಾಸ್ತಿ ಅದೇ ರಾಜನ ಸಂಬಳ ತಿಂದ. ಬೈಲೆನ್ ಕದನದಲ್ಲಿ ಫ್ರೆಂಚರನ್ನು ಸೋಲಿಸಿದ್ದಕ್ಕೆ ಪದಕವನ್ನೂ ಪಡೆದ. 1811ರಲ್ಲಿ ಸೇನೆ ಬಿಟ್ಟು ಲಂಡನ್ ಮೂಲಕ ಹೊರಟು 1812ರ ಮಾರ್ಚಿನಲ್ಲಿ ಬ್ಯೂನಸ್ ಐರಿಸ್‌ಗೆ ಬಂದಿಳಿದಾಗ ಅವನಿಗೆ 34 ವರ್ಷ. ಊರಲ್ಲಿ ಗುರುತಿನವರು ಇಲ್ಲವೇ ಇಲ್ಲ ಅನ್ನಬಹುದು. ಇವನು ಸ್ಪೇನಿನ ಬೇಹುಗಾರನೇ ಇರಬೇಕು ಅಂತ ಗುಸುಗುಸು ಮಾಡಿದವರೂ ಇದ್ದರು.

ಬಂದವನು ಕುದುರೆ ಸವಾರರ ಒಂದು ರೆಜಿಮೆಂಟ್ ಕಟ್ಟಿದ. 1813ರ ಫೆಬ್ರವರಿಯಲ್ಲಿ ಸಾನ್ ಲೊರೆಂಜೊದಲ್ಲಿ ಮೊದಲ ಜಟಾಪಟಿ. ಕುದುರೆ ಸತ್ತು ಅವನ ಕಾಲಿನ ಮೇಲೆ ಬಿತ್ತು, ಹುವಾನ್ ಬೌತಿಸ್ತಾ ಕಬ್ರಾಲ್ ಅನ್ನೋ ಸೈನಿಕ ಅವನನ್ನು ಎಳೆದು ಉಳಿಸಿ ತಾನು ಸತ್ತ. ಅದಿಲ್ಲದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು.

ಆಮೇಲೆ ಉತ್ತರದ ಸೈನ್ಯದ ಹೊಣೆ ಬಂತು. ಇವತ್ತಿನ ಬೊಲಿವಿಯಾದ ಬೆಟ್ಟಗಳ ಮೂಲಕ ಪೆರುವಿಗೆ ಹೋಗಬೇಕು ಅನ್ನೋದು ಬ್ಯೂನಸ್ ಐರಿಸ್‌ನ ಹಠ. ಹೋದ ದಂಡೆಲ್ಲ ಒದೆ ತಿಂದು ವಾಪಸ್ ಬರುತ್ತಿತ್ತು. ಸಾನ್ ಮಾರ್ಟಿನ್ ನೋಡಿದ. ಈ ದಾರಿ ಆಗಲ್ಲ ಅಂತ ತೀರ್ಮಾನಿಸಿದ. ಉತ್ತರದ ಗಡಿಯನ್ನು ಸಾಲ್ತಾದ ಗ್ವೆಮೆಸ್ ಮತ್ತು ಅವನ ಗೌಚೊ ಸವಾರರು (ಹುಲ್ಲುಗಾವಲಿನ ದನಗಾಹಿಗಳು) ಕಾಯಲಿ. ನಾವು ಆಂಡೀಸ್ ದಾಟಿ ಚಿಲಿಗೆ ಹೋಗೋಣ, ಅಲ್ಲಿ ಹಡಗು ಸೇರಿಸಿ ಸಮುದ್ರದ ಮೇಲೆ ಲಿಮಾಗೆ ಹೋಗೋಣ. ಕೇಳಿದವರಿಗೆ ಹುಚ್ಚು ಅನಿಸಿರಬೇಕು. ಅವನು ಅದಕ್ಕಾಗಿ ಕೇಳಿದ ಹುದ್ದೆ ಇನ್ನೂ ವಿಚಿತ್ರ. ದೊಡ್ಡ ಸೇನಾಪತಿ ಹುದ್ದೆ ಬಿಟ್ಟು, ಆರೋಗ್ಯ ಸರಿಯಿಲ್ಲ ಅಂತ ಹೇಳಿ, ಆಂಡೀಸ್ ಬುಡದ ಕುಯೊ ಪ್ರಾಂತ್ಯದ ಗವರ್ನರ್ ಆಗಿ 1814ರಲ್ಲಿ ಮೆಂಡೋಸಾಗೆ ಹೋದ. ಆರೋಗ್ಯ ಸರಿಯಿಲ್ಲ ಅನ್ನೋದು ಸುಳ್ಳೇನಲ್ಲ. ಹೊಟ್ಟೆನೋವು, ರಕ್ತ ವಾಂತಿ, ನೋವಿಗೆ ಅಫೀಮು, ಕೊನೆತನಕ ಇದ್ದದ್ದೇ.

ಅವನು ಹೋಗಿ ಕೂತ ಸ್ವಲ್ಪ ದಿನಕ್ಕೇ, ಅಕ್ಟೋಬರ್ 1814ರಲ್ಲಿ, ರಂಕಾಗುವಾದಲ್ಲಿ ಚಿಲಿಯ ಹೋರಾಟಗಾರರು ಸೋತು ಬೆಟ್ಟ ದಾಟಿ ಮೆಂಡೋಸಾಗೆ ಓಡಿಬಂದರು. ಬಂದವರಲ್ಲಿ ಎರಡು ಬಣ. ಒಂದು ಬರ್ನಾರ್ಡೊ ಓಹಿಗ್ಗಿನ್ಸ್‌ದು. ಇವನ ಅಪ್ಪ ಐರ್ಲೆಂಡಿನಲ್ಲಿ ಹುಟ್ಟಿ ಪೆರುವಿನ ವೈಸ್‌ರಾಯ್ ಆದವನು, ಮಗ ಮಾತ್ರ ಮದುವೆಯಿಲ್ಲದೆ ಹುಟ್ಟಿದವನು. ಇನ್ನೊಂದು ಕಾರೆರಾ ಸಹೋದರರದು. ಎರಡೂ ಬಣಕ್ಕೆ ಎಣ್ಣೆ ಸೀಗೆಕಾಯಿ. ಸಾನ್ ಮಾರ್ಟಿನ್ ಓಹಿಗ್ಗಿನ್ಸ್‌ನನ್ನು ಹತ್ತಿರ ಇಟ್ಟುಕೊಂಡ, ಕಾರೆರಾಗಳನ್ನು ಹೊರಗೆ ಕಳಿಸಿದ. ಇದು ಮುಂದೆ ರಕ್ತಪಾತಕ್ಕೆ ತಿರುಗಿತು, ಆ ವಿಷಯಕ್ಕೆ ಬರುತ್ತೇನೆ.

ಈಗ ಮೆಂಡೋಸಾ. ದ್ರಾಕ್ಷಿ, ವೈನು, ಬ್ರಾಂಡಿ, ಹಸು, ಹೇಸರಗತ್ತೆ, ಅಷ್ಟೇ ಅಲ್ಲಿನ ಆಸ್ತಿ. ಚಿಲಿಯ ವ್ಯಾಪಾರವೂ ನಿಂತುಹೋಗಿತ್ತು. ಅಂಥ ಊರಿಂದ ಸೈನ್ಯ ಹುಟ್ಟಿಸಬೇಕು. ಅವನು ಏನೇನು ಮಾಡಿದ ನೋಡಿ. ತನ್ನ ಸಂಬಳ ಅರ್ಧಕ್ಕೆ ಇಳಿಸಿಕೊಂಡ. ಆಸ್ತಿ ಲೆಕ್ಕ ಹಾಕಿಸಿ ಅದರ ಮೇಲೆ ಯುದ್ಧ ತೆರಿಗೆ ಹಾಕಿದ. ಹೊರಗೆ ಹೋಗೋ ವೈನು, ಬ್ರಾಂಡಿ ಪೀಪಾಯಿಗಳ ಮೇಲೆ ಸುಂಕ. ಸ್ಪೇನಿನವರ ಮೇಲೆ ಬಲವಂತದ ಸಾಲ. ಊರಿನ ಹೆಂಗಸರು, ಅವನ ಹೆಂಡತಿ ರೆಮೆದಿಯೋಸ್ ಮುಂದಾಗಿ ನಿಂತು, ಒಡವೆ ಕೊಟ್ಟರು, ಬಾವುಟ ಹೊಲಿದರು. ಸಾನ್ ಲೂಯಿಸ್‌ನಿಂದ ಬಂದ ಉಣ್ಣೆಬಟ್ಟೆಯನ್ನು ಮೆಂಡೋಸಾದ ಒಂದು ನೀರಿನ ಗಿರಣಿಯಲ್ಲಿ ಕುಟ್ಟಿ ದಪ್ಪ ಮಾಡಿಸಿ, ನೀಲಿ ಬಣ್ಣ ಹಾಕಿಸಿ ಸೈನಿಕರಿಗೆ ಅಂಗಿ ಹೊಲಿಸಿದರು. ಹಸುವಿನ ಕೊಂಬು ನೀರಿನ ಬಾಟಲಿ ಆಯಿತು. ಚರ್ಮದ ಚೂರುಗಳಿಗೆ ಉಣ್ಣೆ ಒತ್ತಿ ಪಾದರಕ್ಷೆ.

ಆಯುಧ ಶಾಲೆ ನೋಡಿಕೊಂಡವನು ಒಬ್ಬ ಫ್ರಾನ್ಸಿಸ್ಕನ್ ಸನ್ಯಾಸಿ, ಲೂಯಿಸ್ ಬೆಲ್ಟ್ರಾನ್. ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟ ಇವನು. ಚರ್ಚಿನ ಗಂಟೆಗಳನ್ನು ಕರಗಿಸಿ ಫಿರಂಗಿ ಎರಕ ಹೊಯ್ದ. ಲಾಳ, ಗುಂಡು, ಬಂದೂಕು ರಿಪೇರಿ, ಹೊಳೆ ದಾಟೋಕೆ ಹೊತ್ತುಕೊಂಡು ಹೋಗೋ ಹಗ್ಗದ ಸೇತುವೆ, ಫಿರಂಗಿ ಎಳೆಯೋಕೆ ಕಿರಿದಾದ ಬಂಡಿ, ಎಲ್ಲ ಅವನದೇ. ನೂರಾರು ಕೆಲಸಗಾರರು, ಸುತ್ತಿಗೆ ಸದ್ದು, ಕುಲುಮೆಯ ಆರ್ಭಟ. ಅದರ ನಡುವೆ ಕೂಗಿ ಕೂಗಿ ಅವನ ಗಂಟಲು ಕಟ್ಟಿ, ಬದುಕಿರೋ ತನಕ ಒಡಕು ದನಿಯೇ ಉಳಿಯಿತಂತೆ.

ಇನ್ನು ಸೈನಿಕರು. ಇಲ್ಲಿ ಪ್ರತಿಮೆಗಳು ಹೇಳದ ಮಾತು ಇದೆ. ಕಾಲಾಳು ಪಡೆಯಲ್ಲಿ ದೊಡ್ಡ ಪಾಲು ಆಫ್ರಿಕಾ ಮೂಲದ ಗುಲಾಮರು. ಪ್ರಾಂತ್ಯದ ಗುಲಾಮರಲ್ಲಿ ಸೈನ್ಯಕ್ಕೆ ಒಗ್ಗುವ ವಯಸ್ಸಿನವರ ಮೂರನೇ ಎರಡು ಭಾಗವನ್ನು ಯಜಮಾನರಿಂದ ಪಡೆದು, ಯುದ್ಧ ಮುಗಿದ ಮೇಲೆ ನೀವು ಸ್ವತಂತ್ರರು ಅಂತ ಸೇರಿಸಿಕೊಂಡರು. ಅವರಲ್ಲಿ ಹೆಚ್ಚಿನವರು ಚಿಲಿ, ಪೆರು, ಈಕ್ವೆಡಾರ್‌ಗಳಲ್ಲಿ ಸತ್ತರು. ಮನೆಗೆ ಮರಳಿದವರು ತೀರಾ ಕಡಿಮೆ. ಕೊಟ್ಟ ಮಾತಿನ ಬಿಡುಗಡೆ ಎಷ್ಟು ಜನಕ್ಕೆ ಅನುಭವಿಸೋಕೆ ಸಿಕ್ಕಿತು, ನೀವೇ ಯೋಚಿಸಿ.

ರಾಜಧಾನಿ ಬ್ಯೂನಸ್ ಐರಿಸ್ ಏನು ಮಾಡುತ್ತಿತ್ತು? 1815ರಲ್ಲಿ ಅಲ್ಲಿ ಅಧಿಕಾರ ಹಿಡಿದ ಆಲ್ವೆಯಾರ್, ಸಾನ್ ಮಾರ್ಟಿನ್ ಜೊತೆ ಒಂದೇ ಹಡಗಿನಲ್ಲಿ ಬಂದವನು, ಇವನನ್ನು ತೆಗೆದು ಬೇರೆ ಗವರ್ನರ್ ಕಳಿಸಿದ. ಮೆಂಡೋಸಾ ಜನ ಬೀದಿಗೆ ಬಂದರು. ಊರಿನ ಸಭೆ ಒಪ್ಪಲಿಲ್ಲ. ಹೊಸ ಗವರ್ನರ್ ಬಂದ ದಾರಿಗೆ ಸುಂಕ ಇಲ್ಲ ಅಂತ ಹೊರಟ. ಇದನ್ನು ನೆನಪಿಟ್ಟುಕೊಳ್ಳಿ. ತೆರಿಗೆ ಹಾಕಿ, ಗುಲಾಮರನ್ನು ಎಳೆದುಕೊಂಡು, ಒಡವೆ ಬಿಚ್ಚಿಸಿಕೊಂಡ ಮನುಷ್ಯನಿಗಾಗಿ ಅದೇ ಜನ ಬೀದಿಗೆ ಬಂದರು. ಯಾಕಂದರೆ ಬೆಟ್ಟದ ಆಚೆ ಸ್ಪೇನಿನ ಸೈನ್ಯ ಕೂತಿತ್ತು. ಇವತ್ತು ಬರುತ್ತೋ ನಾಳೆ ಬರುತ್ತೋ ಅನ್ನೋ ಭಯ ಎಲ್ಲರ ಮನೆಯಲ್ಲೂ ಇತ್ತು. ಗವರ್ನರನಿಗೆ ಬೇಕಾಗಿದ್ದೂ ಊರಿಗೆ ಬೇಕಾಗಿದ್ದೂ ಒಂದೇ.

ರಾಜಕೀಯದಲ್ಲೂ ಅವನು ಸುಮ್ನೆ ಕೂರಲಿಲ್ಲ. ತುಕುಮಾನ್‌ನಲ್ಲಿ ಕಾಂಗ್ರೆಸ್, ಅಂದರೆ ಪ್ರಾಂತ್ಯಗಳ ಪ್ರತಿನಿಧಿಗಳ ಸಭೆ, ಸೇರಿ ಸ್ವಾತಂತ್ರ್ಯ ಘೋಷಿಸೋಕೆ ಮೀನಮೇಷ ಎಣಿಸುತ್ತಿದ್ದಾಗ ಕುಯೊ ಪ್ರತಿನಿಧಿ ಗೊದೊಯ್ ಕ್ರೂಸ್‌ಗೆ ಏಪ್ರಿಲ್ 1816ರಲ್ಲಿ ಬರೆದ. ಅದರ ಸಾರ ಇಷ್ಟು: ನಾಣ್ಯ ಹೊಡೆಸುತ್ತೇವೆ, ಬಾವುಟ ಇದೆ, ಯಾವ ರಾಜನ ಕೈಕೆಳಗಿದ್ದೇವೆ ಅನ್ನುತ್ತೇವೋ ಅವನ ಮೇಲೇ ಯುದ್ಧ ಮಾಡುತ್ತಿದ್ದೇವೆ, ಇದು ನಗೆಪಾಟಲು ಅಲ್ಲವಾ? ಜುಲೈ 9ಕ್ಕೆ ಘೋಷಣೆ ಆಯಿತು.

ಆ ಹೊತ್ತಿಗೆ ಬ್ಯೂನಸ್ ಐರಿಸ್‌ನಲ್ಲಿ ಪುಯ್ರೆದೋನ್ ಅಧಿಕಾರಕ್ಕೆ ಬಂದಿದ್ದ. ಯೋಜನೆಗೆ ಒಪ್ಪಿದವನು. ನವೆಂಬರ್ 1816ರಲ್ಲಿ ಅವನು ಸಾನ್ ಮಾರ್ಟಿನ್‌ಗೆ ಬರೆದ ಒಂದು ಕಾಗದ ಇದೆ. ಸಭೆಯಲ್ಲಿ ಅದನ್ನು ಹೇಳಿದಾಗ ಎಲ್ಲರೂ ನಕ್ಕರು, ನಾನೂ ಪ್ರತಿ ಸಲ ನಗುತ್ತೇನೆ. ಕಂಬಳಿ ಹೋಯಿತು, 500 ಪೊಂಚೊ (ಹೊದೆಯೋ ಮೇಲಂಗಿ) ಹೊರಟಿವೆ. ಬಟ್ಟೆ ಹೋಗುತ್ತಿದೆ, ಅಂಗಿ ಜಾಸ್ತಿಯೇ ಹೋಗುತ್ತಿದೆ. 400 ಜೀನು ಹೋಗುತ್ತಿವೆ. ಒಂದು ಸಣ್ಣ ಪೆಟ್ಟಿಗೆಯಲ್ಲಿ ಎರಡು ಕಹಳೆ ಟಪಾಲಲ್ಲಿ ಹೋಗುತ್ತಿವೆ, ಸಿಕ್ಕಿದ್ದೇ ಆ ಎರಡು. 1,387 ಅರೋಬ ಒಣ ಮಾಂಸ ಕಳಿಸುತ್ತೇನೆ (ನಮ್ಮ ಲೆಕ್ಕದಲ್ಲಿ ಸುಮಾರು 16 ಟನ್). 200 ಕತ್ತಿ ಹೋಗುತ್ತಿವೆ. 200 ಡೇರೆ ಹೋಗುತ್ತಿವೆ, ಇನ್ನು ಇಲ್ಲ. ಲೋಕವೇ ಹೋಗುತ್ತಿದೆ, ದೆವ್ವವೂ ಹೋಗುತ್ತಿದೆ, ಮೈಮಾಂಸವೂ ಹೋಗುತ್ತಿದೆ. ಈ ಸಾಲ ಹೇಗೆ ತೀರಿಸುತ್ತೇನೋ ಗೊತ್ತಿಲ್ಲ. ಇನ್ನೇನೂ ಕೇಳಬೇಡ, ಕೇಳಿದರೆ ಒಂದು ಬೆಳಿಗ್ಗೆ ನಾನು ಕೋಟೆಯ ತೊಲೆಗೆ ನೇತಾಡುತ್ತಿದ್ದೇನೆ ಅಂತ ಸುದ್ದಿ ಬರುತ್ತದೆ.

ಇಡೀ ಖಂಡದ ಹಣೆಬರಹ ಬದಲಿಸಿದ ಸೈನ್ಯಕ್ಕೆ ರಾಜಧಾನಿಯಲ್ಲಿ ಸಿಕ್ಕಿದ್ದು ಎರಡೇ ಕಹಳೆ!

ಕುತಂತ್ರದಲ್ಲೂ ಸಾನ್ ಮಾರ್ಟಿನ್ ಕಮ್ಮಿ ಇರಲಿಲ್ಲ. ಬೆಟ್ಟದ ದಾರಿಗಳ ನಕ್ಷೆ ಬೇಕಿತ್ತು. ಆಲ್ವಾರೆಸ್ ಕೊಂಡಾರ್ಕೊ ಅನ್ನೋ ಎಂಜಿನಿಯರ್‌ಗೆ ಸ್ವಾತಂತ್ರ್ಯ ಘೋಷಣೆಯ ಪ್ರತಿ ಕೊಟ್ಟು, ಚಿಲಿಯ ಸ್ಪ್ಯಾನಿಷ್ ಗವರ್ನರ್ ಮಾರ್ಕೊ ದೆಲ್ ಪೊಂಟ್‌ಗೆ ತಲುಪಿಸು ಅಂತ ಲೋಸ್ ಪಾತೋಸ್ ಅನ್ನೋ ಉದ್ದದ ದಾರಿಯಲ್ಲಿ ಕಳಿಸಿದ. ಗವರ್ನರ್ ಸಿಟ್ಟಿನಿಂದ ಕಾಗದ ಸುಡಿಸಿ ಇವನನ್ನು ಆದಷ್ಟು ಬೇಗ ಹೊರಗಟ್ಟುತ್ತಾನೆ, ಅಂದರೆ ಹತ್ತಿರದ ಉಸ್ಪಲ್ಲಾಟಾ ದಾರಿಯಲ್ಲಿ ಕಳಿಸುತ್ತಾನೆ ಅಂತ ಲೆಕ್ಕ. ಹಾಗೇ ಆಯಿತು. ಹೋಗುವಾಗ ಒಂದು ದಾರಿ, ಬರುವಾಗ ಇನ್ನೊಂದು, ಎರಡೂ ಮನುಷ್ಯನ ತಲೆಯಲ್ಲಿ ಕೂತು ಬಂದವು. ಇನ್ನೊಂದು ಕಡೆ ಪೆವೆಂಚೆ ಬುಡಕಟ್ಟಿನ ಮುಖಂಡರನ್ನು ಕರೆದು, ಉಡುಗೊರೆ ಕೊಟ್ಟು, ನಿಮ್ಮ ದಕ್ಷಿಣದ ನೆಲದ ಮೂಲಕ ಹೋಗೋಕೆ ಅಪ್ಪಣೆ ಕೊಡಿ ಅಂತ ಕೇಳಿದ. ಸುದ್ದಿ ಸ್ಪೇನಿನವರ ಕಿವಿಗೆ ಬಿತ್ತು. ಅವರು ಎಲ್ಲಿಂದ ಬರುತ್ತಾರೋ ಅಂತ ಸೈನ್ಯವನ್ನು ಉದ್ದಕ್ಕೂ ಚದುರಿಸಿಬಿಟ್ಟರು.

ಜನವರಿ 1817. ಸುಮಾರು 5,000 ಜನ, 10,000 ಹೇಸರಗತ್ತೆ, 1,600 ಕುದುರೆ, ಆರು ದಾರಿ. ದೊಡ್ಡ ಭಾಗ ಲೋಸ್ ಪಾತೋಸ್ ಮೂಲಕ, ಬೆಲ್ಟ್ರಾನ್‌ನ ಫಿರಂಗಿಗಳು ಉಸ್ಪಲ್ಲಾಟಾ ಮೂಲಕ. 4,000 ಮೀಟರಿಗಿಂತ ಎತ್ತರದ ಘಾಟಿಗಳು. ಹಗಲು ಸುಡು ಬಿಸಿಲು, ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಉಸಿರು ಸಿಗದೆ ತಲೆ ಸುತ್ತಿದರೆ ಈರುಳ್ಳಿ, ಬೆಳ್ಳುಳ್ಳಿ ತಿನ್ನು. ಊಟಕ್ಕೆ ಒಣ ಮಾಂಸ ಕುಟ್ಟಿ ಹಿಟ್ಟು, ಮೆಣಸಿನ ಜೊತೆ ಬಿಸಿನೀರಿಗೆ ಹಾಕಿದ ಅಂಬಲಿ. ಚಿತ್ರಗಳಲ್ಲಿ ಸಾನ್ ಮಾರ್ಟಿನ್ ಬಿಳಿ ಕುದುರೆ ಮೇಲಿದ್ದಾನೆ. ನಿಜವಾಗಿ ದಾಟಿದ್ದು ಹೇಸರಗತ್ತೆ ಮೇಲೆ. ಕುದುರೆಗಳನ್ನು ಯುದ್ಧಕ್ಕೆ ಉಳಿಸಬೇಕಿತ್ತು. ಅಷ್ಟು ಜೋಪಾನ ಮಾಡಿದರೂ ಆಚೆ ಕಡೆ ಇಳಿದ ಕುದುರೆ ಸುಮಾರು 500.

ಫೆಬ್ರವರಿ 12ಕ್ಕೆ ಚಿಲಿಯ ಚಾಕಾಬುಕೊದಲ್ಲಿ ಕದನ. ಓಹಿಗ್ಗಿನ್ಸ್ ತಡೆಯಲಾರದೆ, ಇನ್ನೊಂದು ಪಡೆ ಬರುವ ಮುಂಚೆಯೇ ನುಗ್ಗಿಬಿಟ್ಟ, ಹೇಗೋ ದಕ್ಕಿತು. ಸ್ಯಾಂಟಿಯಾಗೊ ಜನ ಸಾನ್ ಮಾರ್ಟಿನ್‌ಗೆ ಅಧಿಕಾರ ಕೊಡಲು ಬಂದರು. ಬೇಡ ಅಂದ, ಓಹಿಗ್ಗಿನ್ಸ್ ಕೂತ. ಊರು ಕೊಟ್ಟ 10,000 ಪೆಸೊ ಹಣವನ್ನು ಗ್ರಂಥಾಲಯಕ್ಕೆ ಅಂತ ವಾಪಸ್ ಕೊಟ್ಟ. ಮುಂದಿನ ವರ್ಷ ಕಾಂಚಾ ರಯಾದಾದಲ್ಲಿ ರಾತ್ರಿ ದಾಳಿಗೆ ಸಿಕ್ಕಿ ಸೈನ್ಯ ಚೆಲ್ಲಾಪಿಲ್ಲಿ ಆಯಿತು. ಹದಿನೇಳೇ ದಿನಕ್ಕೆ, 1818ರ ಏಪ್ರಿಲ್ 5ರಂದು, ಮೈಪುವಿನಲ್ಲಿ ಎದ್ದುನಿಂತು ಗೆದ್ದರು. ಚಿಲಿ ಉಳಿಯಿತು.

ಅದರ ಮೂರೇ ದಿನಕ್ಕೆ, ಏಪ್ರಿಲ್ 8ಕ್ಕೆ, ಮೆಂಡೋಸಾದಲ್ಲಿ ಕಾರೆರಾ ಸಹೋದರರಲ್ಲಿ ಇಬ್ಬರನ್ನು ಗುಂಡಿಕ್ಕಿ ಕೊಂದರು. ಮೂರನೆಯವನು ಹೋಸೆ ಮಿಗೆಲ್, ಸೇಡಿಗಾಗಿ ವರ್ಷಗಟ್ಟಲೆ ಅಲೆದು 1821ರಲ್ಲಿ ಅದೇ ಊರಲ್ಲಿ ಗುಂಡಿಗೆ ಬಿದ್ದ. ಚಿಲಿಯವರ ಮೆಚ್ಚಿನ ಗೆರಿಲ್ಲಾ ಮ್ಯಾನುಯೆಲ್ ರೊಡ್ರಿಗೆಸ್‌ನನ್ನು 1818ರ ಮೇ ತಿಂಗಳಲ್ಲಿ ಕಾವಲಿನವರೇ ದಾರಿಯಲ್ಲಿ ಮುಗಿಸಿದರು. ಸಾನ್ ಮಾರ್ಟಿನ್ ಸಂತ ಅನ್ನೋರು ಈ ಪುಟಗಳನ್ನು ಬೇಗ ಮಗುಚುತ್ತಾರೆ. ನನಗೆ ಅದು ಸರಿ ಕಾಣಲ್ಲ.

1820ರಲ್ಲಿ ಅಸಲಿ ಪೇಚು ಬಂತು. ಬ್ಯೂನಸ್ ಐರಿಸ್‌ನಲ್ಲಿ ಅಂತರ್ಯುದ್ಧ. ಸೈನ್ಯ ತಗೊಂಡು ವಾಪಸ್ ಬಾ, ಪ್ರಾಂತ್ಯಗಳ ದಂಗೆಕೋರರನ್ನು ಬಡಿ ಅಂತ ಅವನಿಗೆ ಅಪ್ಪಣೆ ಆಗಿತ್ತು. ಹೋಗಲಿಲ್ಲ. ಅಷ್ಟರಲ್ಲಿ ಆ ಸರ್ಕಾರವೇ ಬಿದ್ದುಹೋಯಿತು. ಈಗ ಇವನು ಯಾರ ಸೇನಾಪತಿ? ನೇಮಿಸಿದ ಸರ್ಕಾರವೇ ಇಲ್ಲ. ರಾಜೀನಾಮೆ ಬರೆದು ಅಧಿಕಾರಿಗಳಿಗೆ ಕಳಿಸಿದ, ನೀವೇ ಆರಿಸಿಕೊಳ್ಳಿ ಅಂದ. ಏಪ್ರಿಲ್ 2ಕ್ಕೆ ರಂಕಾಗುವಾದಲ್ಲಿ ಅವರೆಲ್ಲ ಸೇರಿ, ನಿಮ್ಮ ಅಧಿಕಾರದ ಬೇರು ಜನರ ಕ್ಷೇಮದಲ್ಲಿದೆ, ಅದು ಮುಗಿಯುವಂಥದ್ದಲ್ಲ ಅಂತ ಅವನನ್ನೇ ಉಳಿಸಿಕೊಂಡರು. ಕೇಳೋಕೆ ಚೆನ್ನಾಗಿದೆ. ಆದರೆ ಸೈನ್ಯದ ಹಿಂದೆ ಈಗ ದೇಶವೇ ಇಲ್ಲ, ತೆರಿಗೆ ಕಟ್ಟುವ ಊರಿಲ್ಲ. ನನ್ನ ಪ್ರಕಾರ ಲಿಮಾದ ಸೋಲಿನ ಬೀಜ ಬಿದ್ದದ್ದು ಅವತ್ತು.

ಆಗಸ್ಟ್ 1820ರಲ್ಲಿ ಚಿಲಿಯ ಬಾವುಟದಡಿ 4,000ಕ್ಕೂ ಹೆಚ್ಚು ಜನ ಹಡಗು ಹತ್ತಿದರು. ನೌಕಾಪಡೆಗೆ ಸ್ಕಾಟ್ಲೆಂಡಿನ ಲಾರ್ಡ್ ಕಾಕ್ರೇನ್. ಅಪ್ರತಿಮ ಧೈರ್ಯಶಾಲಿ, ಜೊತೆಗೆ ದುಡ್ಡಿನ ವಿಷಯದಲ್ಲಿ ಭಾರಿ ಜಗಳಗಂಟ. ಪೆರುವಿನಲ್ಲಿ ಸಾನ್ ಮಾರ್ಟಿನ್ ನೇರ ಯುದ್ಧಕ್ಕೆ ಹೋಗಲಿಲ್ಲ, ಕಾದ. ಅವನ ಪಾಳೆಯಕ್ಕೆ ಜ್ವರ ಹೊಡೆಯಿತು. 1821ರ ಜುಲೈನಲ್ಲಿ ವೈಸ್‌ರಾಯ್ ಲಾ ಸೆರ್ನಾ ಲಿಮಾ ಬಿಟ್ಟು ಬೆಟ್ಟ ಹತ್ತಿದ. ಜುಲೈ 28ಕ್ಕೆ ಸಾನ್ ಮಾರ್ಟಿನ್ ಪೆರುವಿನ ಸ್ವಾತಂತ್ರ್ಯ ಘೋಷಿಸಿ, "ರಕ್ಷಕ" ಅನ್ನೋ ಬಿರುದಿನೊಂದಿಗೆ ತಾನೇ ಆಡಳಿತ ಹಿಡಿದ. ಚಿಲಿಯಲ್ಲಿ ಬೇಡ ಅಂದಿದ್ದನ್ನು ಇಲ್ಲಿ ತಗೊಂಡ.

ಮಾಡಿದ ಕೆಲಸ ಕೆಟ್ಟದ್ದಲ್ಲ. ಇನ್ನು ಹುಟ್ಟುವ ಗುಲಾಮರ ಮಕ್ಕಳು ಸ್ವತಂತ್ರರು ಅಂದ. ಮೂಲನಿವಾಸಿಗಳ ಮೇಲಿದ್ದ ಕಪ್ಪ ತೆಗೆದ. ಆದರೆ ಇದೇ ಅಲ್ಲಿನ ದೊಡ್ಡವರ ಹೊಟ್ಟೆ ಉರಿಸಿತು. 1780ರಲ್ಲಿ ಮೂಲನಿವಾಸಿಗಳ ಮುಖಂಡ ತುಪಾಕ್ ಅಮಾರು ದಂಗೆ ಎದ್ದಿದ್ದು ಅವರು ಮರೆತಿರಲಿಲ್ಲ. ಸ್ಪೇನಿನ ರಾಜನಿಗಿಂತ ತಮ್ಮ ಗದ್ದೆಯ ಆಳುಗಳನ್ನು ಕಂಡರೇ ಅವರಿಗೆ ಭಯ. ಮೆಂಡೋಸಾದಲ್ಲಿ ಭಯ ಬೆಟ್ಟದ ಆಚೆ ಇತ್ತು, ಲಿಮಾದಲ್ಲಿ ಮನೆಯೊಳಗೇ ಇತ್ತು. ಮೇಲಾಗಿ ಬೆಳ್ಳಿ ಗಣಿ, ಧಾನ್ಯ, ಜನ ಎಲ್ಲ ಇದ್ದ ಬೆಟ್ಟದ ಸೀಮೆ ಸ್ಪೇನಿನ ಸೈನ್ಯದ ಕೈಯಲ್ಲಿ. ಇವನ ಕೈಯಲ್ಲಿದ್ದದ್ದು ರಾಜಧಾನಿ, ಅದರ ಖರ್ಚು. ಸಂಬಳ ಬರಲಿಲ್ಲ ಅಂತ ಕಾಕ್ರೇನ್ ಹಡಗಿನಲ್ಲಿಟ್ಟಿದ್ದ ಸರ್ಕಾರದ ಹಣವನ್ನೇ ಎತ್ತಿಕೊಂಡು ನಾವಿಕರಿಗೆ ಹಂಚಿ ಹೊರಟುಹೋದ. ಪೆರುವಿಗೆ ಯುರೋಪಿನಿಂದ ಒಬ್ಬ ರಾಜನನ್ನು ತರೋಣ ಅನ್ನೋ ಸಾನ್ ಮಾರ್ಟಿನ್ ಯೋಚನೆ ಗಣರಾಜ್ಯ ಬೇಕು ಅನ್ನೋರನ್ನು ಕೆರಳಿಸಿತು. ಮಂತ್ರಿ ಮೊಂಟೆಯಾಗುದೊ ಸ್ಪೇನಿನವರನ್ನು ಊರು ಬಿಡಿಸಿದ ರೀತಿಗೆ ಲಿಮಾ ಕುದಿಯುತ್ತಿತ್ತು. ಇವನಿಗಾಗಿ ಬೀದಿಗೆ ಬರುವವರು ಅಲ್ಲಿ ಯಾರೂ ಇರಲಿಲ್ಲ.

1822ರ ಜುಲೈ 26, 27ರಂದು ಇವತ್ತಿನ ಈಕ್ವೆಡಾರ್‌ನ ಗ್ವಾಯಾಕಿಲ್‌ನಲ್ಲಿ ಬೊಲಿವಾರ್ ಭೇಟಿ. ಇಬ್ಬರೇ ಕೂತು ಮಾತಾಡಿದರು, ಒಳಗೆ ಏನಾಯಿತು ಅಂತ ಚರಿತ್ರೆಕಾರರು ಇನ್ನೂ ಜಗಳ ಆಡುತ್ತಿದ್ದಾರೆ. ನನಗೆ ಆ ಗುಟ್ಟಿಗಿಂತ ಅವತ್ತಿನ ಲೆಕ್ಕ ಮುಖ್ಯ. ಬೊಲಿವಾರ್ ಹಿಂದೆ ಒಂದು ದೇಶ ಇತ್ತು, ಗೆದ್ದ ಸೈನ್ಯ ಇತ್ತು, ಸುಕ್ರೆ ಅನ್ನೋ ಸೇನಾಪತಿ ಇದ್ದ. ಇವನು ಅತ್ತ ಹೋದಾಗಲೇ ಲಿಮಾದಲ್ಲಿ ಮೊಂಟೆಯಾಗುದೊನನ್ನು ಕಿತ್ತುಹಾಕಿದ್ದರು. ವಾಪಸ್ ಬಂದು, ಸೆಪ್ಟೆಂಬರ್ 20ಕ್ಕೆ ಪೆರುವಿನ ಕಾಂಗ್ರೆಸ್ ಕೂರಿಸಿ, ಅಂದೇ ಅಧಿಕಾರ ಬಿಟ್ಟು ಹೊರಟ. ಇದನ್ನು ಮಹಾ ತ್ಯಾಗ ಅಂತ ಶಾಲೆಯಲ್ಲಿ ಓದಿಸುತ್ತಾರೆ. ತ್ಯಾಗ ಇರಬಹುದು. ಲೆಕ್ಕ ಗೊತ್ತಿದ್ದ ಗವರ್ನರ್ ಒಬ್ಬ ಖಾಲಿ ಖಜಾನೆ ನೋಡಿ ಎದ್ದುಹೋದ ಅಂತಲೂ ಓದಬಹುದು.

ಖಾಲಿ ಖಜಾನೆ ಏನು ಮಾಡುತ್ತೆ ಅನ್ನೋದಕ್ಕೆ ಸಾಕ್ಷಿ ಬೇಕಾ? 1824ರ ಫೆಬ್ರವರಿಯಲ್ಲಿ ಲಿಮಾದ ಬಂದರು ಕಯಾವೊ ಕೋಟೆಯಲ್ಲಿದ್ದ, ಆಂಡೀಸ್ ಸೈನ್ಯದಿಂದ ಉಳಿದಿದ್ದ ಸೈನಿಕರು ಸಂಬಳ ಇಲ್ಲದೆ ದಂಗೆ ಎದ್ದು ಕೋಟೆಯನ್ನೇ ಸ್ಪೇನಿನವರಿಗೆ ಒಪ್ಪಿಸಿದರು. ಅದೇ ಡಿಸೆಂಬರ್ 9ಕ್ಕೆ ಅಯಾಕುಚೊದಲ್ಲಿ ಸುಕ್ರೆ ವೈಸ್‌ರಾಯ್‌ನನ್ನೇ ಸೆರೆಹಿಡಿದ. ಆದರೂ ಕಯಾವೊ ಕೈಗೆ ಬಂದದ್ದು 1826ರ ಜನವರಿಯಲ್ಲಿ.

ಕೊನೆಗೆ ಸಭೆಯಲ್ಲಿ ಒಬ್ಬರು ಹಿರಿಯರು ಕೇಳಿದರು: "ಅಲ್ಲಪ್ಪಾ, ಅಷ್ಟು ದೊಡ್ಡ ಮನುಷ್ಯ, ಆಮೇಲೆ ತನ್ನ ದೇಶಕ್ಕಾದರೂ ಯಾಕೆ ಬರಲಿಲ್ಲ?" ಬಂದಿದ್ದ ಸರ್. ಹೆಂಡತಿ 1823ರಲ್ಲಿ ತೀರಿಕೊಂಡಿದ್ದಳು, ಮಗಳನ್ನು ಕರೆದುಕೊಂಡು ಯುರೋಪಿಗೆ ಹೋದವನು 1829ರಲ್ಲಿ ಬ್ಯೂನಸ್ ಐರಿಸ್ ಬಂದರಿಗೆ ಬಂದ. ಅಷ್ಟರಲ್ಲಿ ಲವಾಯೆ, ಇವನ ಕೈಕೆಳಗೇ ಬೆಳೆದ ಸವಾರ, ಗವರ್ನರ್ ದೊರೆಗೊನನ್ನು ವಿಚಾರಣೆಯೇ ಇಲ್ಲದೆ ಗುಂಡಿಕ್ಕಿ ಕೊಂದಿದ್ದ. ಸಾನ್ ಮಾರ್ಟಿನ್ ಹಡಗಿನಿಂದ ಇಳಿಯಲೇ ಇಲ್ಲ, ಮೊಂಟೆವಿಡಿಯೊಗೆ ಹೋದ. ಅಲ್ಲಿಗೆ ಲವಾಯೆ ಜನ ಕಳಿಸಿ, ಸೈನ್ಯ, ಸರ್ಕಾರ ಎರಡೂ ನೀವೇ ತಗೊಳ್ಳಿ ಅಂತ ಕೇಳಿಸಿದ. ಅಧಿಕಾರ ಹಿಡಿದರೆ ಎರಡು ಪಕ್ಷದಲ್ಲಿ ಒಂದನ್ನು ನಾನು ನಿರ್ನಾಮ ಮಾಡಬೇಕಾಗುತ್ತೆ, ಅದು ನನ್ನ ಕೈಲಾಗಲ್ಲ ಅನ್ನೋದು ಅವನ ನಿಲುವು. ಯುರೋಪಿಗೆ ಮರಳಿ, 1850ರ ಆಗಸ್ಟ್ 17ರಂದು ಫ್ರಾನ್ಸಿನ ಬುಲೋನ್‌ನಲ್ಲಿ ಸತ್ತ. ಮೂಳೆಗಳು ಬ್ಯೂನಸ್ ಐರಿಸ್‌ಗೆ ಬಂದದ್ದು 1880ರಲ್ಲಿ.